ಬಾಮೈದನ ಬಾಟಲಿ

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೆ ಯಾರ ಭಯವೂ ಇರಲಿಲ್ಲ. ಎದುರಿಗೆ ಲಾರಿ ಬಂದರೆ ಸ್ಟೀರಿಂಗ್ ಬಿಟ್ಟು ಕಣ್ಣು ಮುಚ್ಚಿಕೊಳ್ಳುವ ಶಿಷ್ಯರ ಪಕ್ಕದಲ್ಲಿ ಕೂತು ಕೂತೇ ತಲೆ ನೆರೆಸಿಕೊಂಡವರು. ಅಂಥ ವೀರಾಗ್ರಣಿಗಳು ಆ ಭಾನುವಾರ ಊಟದ ಮೇಜಿನ ಮೇಲೆ ಪ್ರತ್ಯಕ್ಷವಾದ ಒಂದು ಪುಟ್ಟ ಖಾಲಿ ಬಾಟಲಿಯನ್ನು ಕಂಡು ಬೆವತುಬಿಟ್ಟರು.

"ನಾಳೆ ಬೆಳಿಗ್ಗೆ ಎದ್ದ ಕೂಡಲೇ, ಮೊದಲನೇದು, ಇದರೊಳಗೆ," ಎಂದಳು ಹೆಂಡತಿ.

"ಯಾಕೆ? ಸಕ್ಕರೆ ಕಾಯಿಲೆ ರಕ್ತದಲ್ಲಿರೋದು ಕಣೇ. ರಕ್ತ ಬೇಕಾದಷ್ಟು ತಗೊಳ್ಳಲಿ, ಬೇಡ ಅಂದ್ನಾ?"

"ಕಿಡ್ನಿ ಹೇಗಿದೆ ಅಂತ ನೋಡಬೇಕಂತೆ. ಅದು ಕೆಟ್ಟರೆ ಹಾರ್ಟಿಗೂ ಅಪಾಯವಂತೆ."

"ಕಿಡ್ನಿ ಎಲ್ಲಿ, ಹಾರ್ಟ್ ಎಲ್ಲಿ! ಹಿಂದಿನ ಚಕ್ರ ಪಂಕ್ಚರ್ ಆದ್ರೆ ಹಾರ್ನ್ ಕೆಡುತ್ತೇನೇ?"

"ಅದನ್ನ ಡಾಕ್ಟ್ರಮ್ಮನ್ನೇ ಕೇಳಿ. ಆದರೆ ಒಂದು ಮಾತು. ರಿಪೋರ್ಟ್ ಏನಾದ್ರೂ ಕೆಟ್ಟದಾಗಿ ಬಂತೋ, ಅವತ್ತಿಂದ ಈ ಮನೆಗೆ ಉಪ್ಪು ಬರಲ್ಲ."

ಇದು ಬೆದರಿಕೆಯಲ್ಲ, ರಾಜಾಜ್ಞೆ. (ಸಕ್ಕರೆಯನ್ನು ಗಡೀಪಾರು ಮಾಡಿದಾಗಲೂ ಹೀಗೇ ಅಂದಿದ್ದಳು. ಈಗ ಆ ಡಬ್ಬಿಯಲ್ಲಿ ಗುಂಡಿಗಳೂ ದಾರದುಂಡೆಗಳೂ ವಾಸವಾಗಿವೆ.) ಮೇಷ್ಟ್ರ ಬಾಳಿನಲ್ಲಿ ಉಳಿದಿದ್ದ ಏಕೈಕ ಸುಖವೆಂದರೆ ಕಾರಿನಲ್ಲಿ ಬಚ್ಚಿಟ್ಟುಕೊಂಡು ಮೆಲ್ಲುವ, ಉಪ್ಪು ಹಚ್ಚಿ ಹುರಿದ ಕಡಲೆಕಾಯಿ ಬೀಜ. ಅದಕ್ಕೂ ಸಂಚಕಾರ ಬಂತಲ್ಲ!

ಅಷ್ಟರಲ್ಲಿ ಮಹಡಿಯಿಂದ ಬಾಮೈದ ಇಳಿದು ಬಂದ. ಹೆಂಡತಿಯ ಒಬ್ಬನೇ ತಮ್ಮ. ಅವನ ಮನೆಗೆ ಬಣ್ಣ ಹೊಡೆಸುತ್ತಿದ್ದುದರಿಂದ ಸದ್ಯಕ್ಕೆ ಅಕ್ಕನ ಮನೆಯಲ್ಲಿ ಬಿಡಾರ. ಮನೆ ಸಾಮಾನು ಸಾಗಿಸುವುದು ಅವನ ಕಸುಬು. ಬೀರುವನ್ನು ಬಟ್ಟೆಬರೆ ಸಮೇತ ಬೆನ್ನಿಗೇರಿಸುವ ಆಸಾಮಿ. ಅವನು ಆಸ್ಪತ್ರೆ ಮೆಟ್ಟಿಲು ಹತ್ತಿದ್ದು ಒಂದೇ ಸಲ, ಅದೂ ಅಲ್ಲಿಗೆ ಮಂಚ ಹೊತ್ತುಕೊಂಡು. ಅವನನ್ನು ಕಂಡದ್ದೇ ಮೇಷ್ಟ್ರ ತಲೆಯಲ್ಲಿ ಹೆಡ್‌ಲೈಟ್ ಹತ್ತಿಕೊಂಡಿತು.

ಹೆಂಡತಿ ಒಳಗೆ ಹೋದ ಮೇಲೆ ಬಾಟಲಿ ತೋರಿಸಿ ಪಿಸುಗುಟ್ಟಿದರು. "ನಿನ್ನದು ಸ್ವಲ್ಪ ಕೊಡ್ತೀಯೇನಪ್ಪಾ?"

"ಅಯ್ಯೋ ಭಾವ, ಇಷ್ಟೇ ಸಾಕಾ? ಬಕೆಟ್ ತನ್ನಿ!" ಎಂದ ಆ ದಾನಶೂರ. "ನಂದು ಬಟ್ಟಿ ಇಳಿಸಿದ ನೀರಿದ್ದ ಹಾಗೆ. ನಿಮ್ಮ ಡಾಕ್ಟ್ರು ನೋಡಿ ಸರ್ಟಿಫಿಕೇಟ್ ಕೊಡ್ತಾರೆ."

ಮರುದಿನ ಮೇಷ್ಟ್ರು ತೋಳು ಚಾಚಿ ಸ್ವಂತ ರಕ್ತವನ್ನೂ, ಜೇಬಿನಿಂದ ತೆಗೆದು ಎರವಲು ಬಾಟಲಿಯನ್ನೂ ಕೊಟ್ಟು ಶಿಳ್ಳೆ ಹಾಕುತ್ತ ಬಂದರು.

ರಿಪೋರ್ಟ್ ತೋರಿಸಲು ಗಂಡ ಹೆಂಡತಿ ಜೊತೆಯಾಗಿ ಹೋದಾಗ ಡಾಕ್ಟ್ರಮ್ಮ ಕಾಗದವನ್ನು ಹಿಂದೆಮುಂದೆ ತಿರುಗಿಸಿ ಕನ್ನಡಕ ಒರೆಸಿಕೊಂಡರು. "ವಿಚಿತ್ರವಾಗಿದೆಯಲ್ಲ! ನಿಮ್ಮ ರಕ್ತ ಪರವಾಗಿಲ್ಲ. ಆದರೆ ಮೂತ್ರದಲ್ಲಿ ಪ್ರೋಟೀನ್ ಚೆನ್ನಾಗಿ ಸೋರ್ತಾ ಇದೆ. ಸಕ್ಕರೆಯಂತೂ ಹೇಳೋದೇ ಬೇಡ."

ಹೆಂಡತಿ ಮೇಷ್ಟ್ರ ಕೈ ಹಿಡಿದುಕೊಂಡಳು. ಮನೆಯಲ್ಲಿ ಗುಡುಗುವವಳ ಬೆರಳು ಮಂಜಿನಂತೆ ತಣ್ಣಗಿತ್ತು. "ಹಾಗಂದ್ರೆ ಹಾರ್ಟು, ಡಾಕ್ಟ್ರೇ?"

"ಅದಕ್ಕೇ ನಾವು ಇಷ್ಟು ತಲೆ ಕೆಡಿಸಿಕೊಳ್ಳೋದು. ಸಕ್ಕರೆ ಕಾಯಿಲೆಯವರಿಗೆ ಕಿಡ್ನಿ ಸೋರೋಕೆ ಶುರುವಾಯ್ತು ಅಂದ್ರೆ ಮೈಯೆಲ್ಲಾ ಇರೋ ರಕ್ತನಾಳಗಳು ಸವೀತಾ ಇವೆ ಅಂತ ಲೆಕ್ಕ. ಹೃದಯದ್ದೂ ಅದೇ ನಾಳ ತಾನೇ? ನೋವು ಗೀವು ಏನೂ ಇರಲ್ಲ, ಆಳು ಗುಂಡುಕಲ್ಲಿನ ಹಾಗೇ ಕಾಣ್ತಾನೆ." ಡಾಕ್ಟ್ರಮ್ಮ ಮೇಷ್ಟ್ರ ಕಡೆ ತಿರುಗಿದರು. "ಮೆಟ್ಟಿಲು ಹತ್ತೋವಾಗ ಏದುಸಿರು ಬರುತ್ತಾ? ಮಧ್ಯೆ ನಿಲ್ತೀರಾ?"

ಮೇಷ್ಟ್ರು ನಿಲ್ಲುತ್ತಿರಲಿಲ್ಲ. ನಿಲ್ಲುತ್ತಿದ್ದವನು ಬಾಮೈದ. ಈಚೆಗೆ ಅವನು ಮಹಡಿಯ ಮೆಟ್ಟಿಲಿನ ಅರ್ಧದಲ್ಲಿ ಬಗ್ಗಿ, "ಲೇಸ್ ಬಿಚ್ಚಿಹೋಗಿದೆ ಭಾವ," ಎನ್ನುವುದನ್ನು ಅವರು ಎಷ್ಟೋ ಸಲ ನೋಡಿದ್ದರು. ಅವನು ಹಾಕಿಕೊಳ್ಳುವುದು ಹವಾಯಿ ಚಪ್ಪಲಿ ಎಂಬುದು ಈಗ ಹೊಳೆಯಿತು. ಈ ಹೊತ್ತಿನಲ್ಲಿ ಅವನು ಪಕ್ಕದ ಬೀದಿಯ ಮನೆಯೊಂದರ ಮಹಡಿಗೆ ಫ್ರಿಜ್ ಹೊರುತ್ತಿದ್ದಾನೆ ಎಂಬುದೂ ಹೊಳೆಯಿತು. ಕಡಲೆಕಾಯಿ, ಉಪ್ಪು, ಮಾನ, ಮರ್ಯಾದೆ ಎಲ್ಲವೂ ಒಟ್ಟಿಗೆ ಮರೆತುಹೋದವು.

"ಡಾಕ್ಟ್ರೇ, ಅದು ನಂದಲ್ಲ!"

"ಏನು ನಿಮ್ಮದಲ್ಲ?"

"ಬಾಟಲಿ ನಂದೇ. ಒಳಗಿನ ಮಾಲು ಇವಳ ತಮ್ಮಂದು."

ಡಾಕ್ಟ್ರಮ್ಮ ಪೆನ್ನು ಕೆಳಗಿಟ್ಟರು. ಹೆಂಡತಿ ಹಿಡಿದಿದ್ದ ಕೈಯನ್ನು ಬಿಟ್ಟಳು. ಆಮೇಲೆ ಅದೇ ಕೈಯನ್ನು ಮತ್ತೆ ಹಿಡಿದು, ಬೇರೆ ರೀತಿಯಲ್ಲಿ ಹಿಡಿದು, ಅವರನ್ನು ಹೊರಗೆ ದರದರ ಎಳೆದುಕೊಂಡು ಹೋದಳು. "ನಡೀರಿ ಮೊದಲು! ನಿಮ್ಮ ವಿಚಾರಣೆ ಆಮೇಲೆ!"

ಜೀವಮಾನದಲ್ಲೇ ಮೊದಲ ಬಾರಿಗೆ ಮೇಷ್ಟ್ರು ಇಂಡಿಕೇಟರ್ ಹಾಕದೆ ಕಾರು ತಿರುಗಿಸಿದರು. ಹೋಗಿ ನೋಡಿದರೆ ಬಾಮೈದ ಫ್ರಿಜ್ಜನ್ನು ಬೆನ್ನಿಗೆ ಕಟ್ಟಿಕೊಂಡು ಮೆಟ್ಟಿಲ ತಿರುವಿನಲ್ಲಿ ನಿಂತಿದ್ದ. ಮುಖದಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಇಳಿಸೋ ಕೆಳಗೆ!" ಎಂದು ಅಕ್ಕ ಚೀರಿದಳು.

"ಲೇಸ್ ಕಟ್ಟಿಕೊಳ್ತಾ ಇದ್ದೆ ಅಕ್ಕಾ..."

"ಚಪ್ಪಲಿಗೆ ಯಾವ ಲೇಸೋ, ಮುಠ್ಠಾಳ?"

ಫ್ರಿಜ್ಜನ್ನು ಅವನ ಆಳುಗಳಿಗೆ ಒಪ್ಪಿಸಿ, ಅವನನ್ನು ಹಿಂದಿನ ಸೀಟಿಗೆ ತುರುಕಿ ಆಸ್ಪತ್ರೆಗೆ ತಂದರು. ಗುಂಡುಕಲ್ಲಿನೊಳಗೆ ಸಕ್ಕರೆ ಕಾಯಿಲೆ ಎಂದೋ ಬಂದು ಮನೆ ಮಾಡಿಕೊಂಡಿತ್ತು, ಬಿ.ಪಿ. ಕೂಡ ಬಾಡಿಗೆಗೆ ಸೇರಿಕೊಂಡಿತ್ತು. ಎದೆಗೆ ತಂತಿ ಅಂಟಿಸಿ, ಸ್ಕ್ಯಾನ್ ಮಾಡಿ, ಎಲ್ಲ ಪರೀಕ್ಷೆ ಮುಗಿದ ಮೇಲೆ ಡಾಕ್ಟ್ರಮ್ಮ ಉಸಿರು ಬಿಟ್ಟರು. "ಹೃದಯಕ್ಕೆ ಪೆಟ್ಟು ಬೀಳೋ ಮುಂಚೆ ಸಿಕ್ಕಿದ್ದೀರಿ. ಮಾತ್ರೆ ತಪ್ಪಿಸಬೇಡಿ, ಉಪ್ಪು ಕಡಿಮೆ ಮಾಡಿ. ಕಿಡ್ನಿ, ಹಾರ್ಟು ಎರಡನ್ನೂ ಕಾಪಾಡಬಹುದು."

ಬಾಮೈದ ಮೇಷ್ಟ್ರನ್ನು ಅಪ್ಪಿಕೊಂಡು ಮೂಳೆ ಲಟಲಟ ಎನ್ನಿಸಿದ. "ಭಾವ, ನೀವು ಸುಳ್ಳುಗಾರರಾಗಿದ್ದಕ್ಕೆ ನಾನು ಬದುಕಿದೆ!"

ಮೇಷ್ಟ್ರು ನಾಚಿ ನೀರಾದರು. ಆ ನಾಚಿಕೆಯಲ್ಲೇ ಮರುದಿನ ಹೊಸ ಬಾಟಲಿಯನ್ನು ಸ್ವಂತ ಪರಿಶ್ರಮದಿಂದ, ಪರಮ ಪ್ರಾಮಾಣಿಕವಾಗಿ ತುಂಬಿಸಿ ಕೊಟ್ಟರು. ರಿಪೋರ್ಟ್ ಬಂತು. ಒಂದು ಹನಿ ಸೋರಿಕೆ ಇಲ್ಲ!

"ನೋಡಿದ್ಯಾ?" ಎಂದು ಅವರು ಎದೆಯುಬ್ಬಿಸಿದರು. "ಅಪ್ಪಟ ನಂದು!"

ಹೆಂಡತಿ ರಿಪೋರ್ಟನ್ನು ಓದಿ, ಮಡಿಸಿ, ಶಾಂತವಾಗಿ ಕೇಳಿದಳು. "ಈ ಸಲ ಯಾರದ್ದು?"

"ನನ್ನಾಣೆಗೂ ನಂದೇ ಕಣೇ!"

"ಪಕ್ಕದ್ಮನೆಯವರದಾ? ನಿಮ್ಮ ಶಿಷ್ಯರು ಯಾರಾದ್ರೂ ಗುರುದಕ್ಷಿಣೆ ಕೊಟ್ರಾ?"

ಡಾಕ್ಟ್ರಮ್ಮನೂ ಅವಳ ಪಕ್ಷವನ್ನೇ ವಹಿಸಿದರು. ಪರೀಕ್ಷೆ ಇನ್ನೊಮ್ಮೆ, ಆಸ್ಪತ್ರೆಯಲ್ಲೇ, ಕಾವಲಿನಲ್ಲಿ ಎಂದು ತೀರ್ಪಾಯಿತು. ಶೌಚಾಲಯದ ಕಿಟಕಿಯ ಹೊರಗೆ ಬಾಮೈದ ನಿಂತ, ಬಾಗಿಲಿಗೆ ಹೆಂಡತಿ ನಿಂತಳು. ಮೇಷ್ಟ್ರು ಬಾಟಲಿ ಹಿಡಿದು ಒಳಗೆ ಹೋಗಿ ಚಿಲಕ ಹಾಕಿಕೊಂಡರು.

"ರೀ, ಹಾಡ್ತಾ ಇರಿ! ಒಳಗಿರೋದು ನೀವೇ ಅಂತ ನಂಗೆ ಗೊತ್ತಾಗಬೇಕು!"

ಮೇಷ್ಟ್ರು ಹಾಡಿದರು. ಜೀವನದಲ್ಲಿ "ಬ್ರೇಕ್! ಬ್ರೇಕ್!" ಎಂದು ಕೂಗಿದ್ದು ಬಿಟ್ಟರೆ ಗಂಟಲಿಗೆ ಬೇರೆ ಸಾಧನೆ ಇರಲಿಲ್ಲ. ಹೊರಗೆ ಸರದಿಯಲ್ಲಿ ಕೂತಿದ್ದ ರೋಗಿಗಳು ತಮ್ಮ ನೋವು ಮರೆತು ಕಿವಿ ನಿಮಿರಿಸಿದರು. ಒಂದು ಹಾಡು ಮುಗಿಯಿತು, ಎರಡನೆಯದೂ ಮುಗಿಯಿತು.

"ಏನಾಯ್ತು ಭಾವ?" ಎಂದು ಕಿಟಕಿಯಿಂದ ದನಿ ಬಂತು.

"ಹಾಡೊಂದು ಬಿಟ್ಟು ಬೇರೇನೂ ಬರ್ತಾ ಇಲ್ಲ ಕಣೋ!" ಎಂದು ಒಳಗಿನಿಂದ ಆರ್ತನಾದ ಕೇಳಿಸಿತು.