ಬಾಗಿಲಡಿ ನುಸುಳಿದ ಪೆಟ್ಟಿಗೆ

ನಮ್ಮ ನಿಮ್ಮ ಮುತ್ತಜ್ಜಿಯರು ಹುಟ್ಟುವುದಕ್ಕೂ ಬಹಳ ಹಿಂದೆ, ಆದರೆ ಚಾರ್ಜು ಎಂಬುದು ಹುಟ್ಟಿದ ಮೇಲೆ, ಹಗುರಾವತಿ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದ ಹೊಳೆಯಲ್ಲಿ ಒಂದು ದೋಣಿಯಿತ್ತು. ದೋಣಿಯ ತಳದಲ್ಲಿ ಒಂದು ತೂತಿತ್ತು. ಒಂದು ಬೆಳಗ್ಗೆ ಚೆಲುವಾಜಿ ಎಂಬ ಹುಡುಗಿ ಆ ತೂತಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಚೊಂಬಿನಿಂದ ನೀರು ತೋಡಿ ತೋಡಿ ಹೊಳೆಗೆ ಚೆಲ್ಲುತ್ತಿದ್ದಳು. ಅವಳೂ ಮಾತಾಡಲಿಲ್ಲ, ಉಳಿದವರೂ ಮಾತಾಡಲಿಲ್ಲ. ಆಚೆ ದಡದಿಂದ ಈಚೆ ದಡಕ್ಕೆ ನಲವತ್ತು ಚೊಂಬು. ಎಣಿಕೆ ತಪ್ಪಿದರೆ ಎಲ್ಲರ ಸೀರೆ ಪಂಚೆಯೂ ಒದ್ದೆ. ಹಾಗಾಗಿ ಆ ದೋಣಿಯಲ್ಲಿ ಹೊಸದಾಗಿ ಮದುವೆಯಾದವರೂ ಹಳೆಯ ಜಗಳಗಂಟರೂ ಒಂದೇ ಥರ ತುಟಿ ಹೊಲಿದುಕೊಂಡು ಕೂತಿರುತ್ತಿದ್ದರು.

ನಲವತ್ತನೆಯ ಚೊಂಬು ಚೆಲ್ಲಿದ ಮೇಲೆ ಅಂಬಿಗ ದ್ಯಾವಯ್ಯ ಬಾಯಿಬಿಟ್ಟ.

"ಇವತ್ತಾದ್ರೂ ನನ್ನ ಅರ್ಜಿ ಹೊಡ್ದು ಕೊಡವ್ವ. ಇನ್ನೊಂದು ತಿಂಗ್ಳಿಗೆ ಹೊಳೆ ತುಂಬ್ತದೆ. ಈ ತೂತು ಇಟ್ಕೊಂಡು ತುಂಬಿದ ಹೊಳೇಲಿ ನಾನು ದೋಣಿ ಬಿಡಾಕಿಲ್ಲ. ಆಮೇಲೆ ನಾಕು ತಿಂಗ್ಳು ಆ ಕಡೆಯೋರು ಆ ಕಡೇಗೆ, ಈ ಕಡೆಯೋರು ಈ ಕಡೇಗೆ."

"ಒಂದು ಹಲಗೆ ತಂದು ನೀನೇ ಹೊಡ್ಕೊಂಡ್ರೆ ಆಗಲ್ವಾ ದ್ಯಾವಣ್ಣ?"

"ಸರ್ಕಾರಿ ದೋಣಿ ಕಣವ್ವ. ರಾಜಮುದ್ರೆ ಇಲ್ದೆ ಒಂದು ಮೊಳೆ ಹೊಡೆಯಂಗಿಲ್ಲ. ತೂತಿಗೆ ಮಾತ್ರ ಯಾರ ಅಪ್ಪಣೇನೂ ಬೇಕಾಗ್ಲಿಲ್ಲ ನೋಡು, ಅದು ತಾನಾಗೇ ಬಿತ್ತು."

ಚೆಲುವಾಜಿ ತಲೆಯಾಡಿಸಿದಳು. ಅವಳ ಮನೆ, ಕಾಲುನೋವಿನ ತಾಯಿ, ಎರಡೂ ಆಚೆ ದಡದಲ್ಲಿದ್ದವು. ಕೆಲಸ ಈಚೆ ದಡದಲ್ಲಿ, ಅರಮನೆಯ ಹಿಂಬದಿಯ ಅಹವಾಲು ಕಟ್ಟೆಯ ಮೇಲೆ. ಜನ ಬಂದು ಕಷ್ಟ ಹೇಳಿಕೊಳ್ಳುತ್ತಿದ್ದರು, ಅವಳು ಮಡಿಲ ಮೇಲಿನ ಪೆಟ್ಟಿಗೆಯ ಗುಂಡಿಗಳನ್ನು ಒತ್ತಿ ಅದನ್ನು ಅರ್ಜಿ ಮಾಡುತ್ತಿದ್ದಳು. ಪೆಟ್ಟಿಗೆಯ ಪಕ್ಕೆಯಲ್ಲಿ ನಾಲ್ಕು ತೂತುಗಳಿದ್ದವು. ಒಂದಕ್ಕೆ ಚಾರ್ಜಿನ ತಂತಿ, ಇನ್ನೊಂದಕ್ಕೆ ಮುದ್ರೆಯಂತ್ರದ ತಂತಿ. ಉಳಿದೆರಡು ಹಳೆಯ ಕಡತಗಳಿಗೆ. ಮುದ್ರೆ ಬಿದ್ದ ಅರ್ಜಿಯನ್ನು ಅರಮನೆಯ ಅಹವಾಲು ಬಾಗಿಲಿನ ಕೆಳಗಿನ ಸಂದಿಯಲ್ಲಿ ಒಳಗೆ ತಳ್ಳಿದರೆ ಮುಗಿಯಿತು. ಅದು ಆ ರಾಜ್ಯದ ಹಳೆಯ ಪದ್ಧತಿ. ಬಾಗಿಲು ತೆರೆಯುವ ತೊಂದರೆಯನ್ನು ದೊರೆಗಳಿಗೆ ಕೊಡಬಾರದು ಎಂದು ಹಿರಿಯರು ಮಾಡಿಟ್ಟದ್ದು.

ಇನ್ನೂ ಒಂದು ಪದ್ಧತಿಯಿತ್ತು. ಅರ್ಜಿದಾರರಲ್ಲಿ ಹೆಚ್ಚಿನವರಿಗೆ ಓದು ಬಾರದು. ತಾವು ಹೇಳಿದ್ದು ಪೆಟ್ಟಿಗೆಯೊಳಗೆ ಹೋಯಿತೋ ಇಲ್ಲವೋ ಎಂಬುದನ್ನು ಅವರು ಕಿವಿಯಿಂದ ತಿಳಿಯುತ್ತಿದ್ದರು. ಒಂದು ಮಾತು ಹೇಳುವುದು, ಟಕಟಕ ಸದ್ದು ಕೇಳುವುದು, ತೃಪ್ತಿಯಿಂದ ಮುಂದಿನ ಮಾತು ಹೇಳುವುದು. ಉದ್ದದ ದುಃಖಕ್ಕೆ ಗಿಡ್ಡ ಸದ್ದು ಬಂದರೆ, "ಅರ್ಧ ನುಂಗಿದೆಯಲ್ಲವ್ವ" ಎಂದು ಜಗಳಕ್ಕೇ ಬರುತ್ತಿದ್ದರು.

ಆ ದಿನ ಅವರಿಬ್ಬರೂ ಕಟ್ಟೆಗೆ ಬಂದಾಗ ಅಲ್ಲಿ ಪೆಟ್ಟಿಗೆಗಳೇ ಇರಲಿಲ್ಲ. ರಾಜಭಟರು ಎಲ್ಲವನ್ನೂ ಗಾಡಿಗೆ ಹೇರಿಕೊಂಡು ಹೋಗಿದ್ದರು.

ನಡೆದದ್ದು ಇಷ್ಟು. ಹಿಂದಿನ ದಿನ ಪಕ್ಕದ ರಾಜ್ಯದ ದೂತನೊಬ್ಬ ಉಡುಗೊರೆ ತಂದಿದ್ದ. ದ್ವಾರಪಾಲಕ ಊಟಕ್ಕೆ ಹೋಗಿದ್ದರಿಂದ ದೂತ ಅದನ್ನು ಅರ್ಜಿಗಳ ಜೊತೆ ಬಾಗಿಲಡಿಯಲ್ಲೇ ಜಾರಿಸಿಬಿಟ್ಟ. ಅದು ನುಣ್ಣಗೆ ಜಾರಿಕೊಂಡು ಬಂದು, ಹಗುರಾವತಿಯ ದೊರೆ, ತ್ರಿಭುವನ ತೆಳುಮಲ್ಲ, ಶ್ರೀಮನ್ಮಹಾರಾಜ ಸೂಕ್ಷ್ಮಸೇನರ ಪಾದಕ್ಕೆ ತಾಗಿ ನಿಂತಿತು. ಪಕ್ಕದ ರಾಜ್ಯದ ಮಡಿಲಪೆಟ್ಟಿಗೆ! ಮಹಾರಾಜರು ಕೂಡಲೇ ನಮ್ಮ ರಾಜ್ಯದ ಪೆಟ್ಟಿಗೆಯೊಂದನ್ನು ತರಿಸಿ ಅದೇ ಸಂದಿಯಲ್ಲಿ ತಳ್ಳಿಸಿದರು. ಅದು ಬಾಗಿಲಿಗೆ ಡಬ್ ಎಂದು ಹೊಡೆದು ಹೊರಗೇ ನಿಂತಿತು. ಇಡೀ ರಾಜ್ಯವೇ ಬಾಗಿಲಾಚೆ ನಿಂತಂತಾಯಿತು ಎಂದು ಆಸ್ಥಾನದ ಇತಿಹಾಸಕಾರರು ಬರೆದಿದ್ದಾರೆ.

ಮಧ್ಯಾಹ್ನ ಚೆಲುವಾಜಿಗೆ ಆಸ್ಥಾನದಿಂದ ಕರೆ ಬಂತು. ಬಳಕೆದಾರರ ಅಭಿಪ್ರಾಯ ಪಡೆಯದೆ ಏನನ್ನೂ ಮಾಡಬಾರದೆಂಬ ನಿಯಮವಿತ್ತು. ಕಟ್ಟೆಯ ಲಿಪಿಕಾರರಲ್ಲಿ ಅತಿ ಕಡಿಮೆ ಮಾತಾಡುವವಳನ್ನು ವಿನ್ಯಾಸಾಮಾತ್ಯ ನಾಜೂಕಯ್ಯನವರು ಖುದ್ದಾಗಿ ಆರಿಸಿದ್ದರು.

"ಎಲೌ ಲಿಪಿಕಾರ್ತಿಯೇ," ಎಂದರು ಮಹಾರಾಜರು, "ನಿನ್ನ ಪೆಟ್ಟಿಗೆ ನಿನಗೆ ಭಾರವಲ್ಲವೇ?"

"ಇಲ್ಲ ಬುದ್ಧಿ. ಮಡಿಲ ಮೇಲೆ ಇಟ್ಕೋತೀನಿ. ಅಲ್ಲೇ ಇರ್ತದೆ."

"ಕೇಳಿದಿರಾ ಪ್ರಭು!" ನಾಜೂಕಯ್ಯನವರು ಕಣ್ಣೊರೆಸಿಕೊಂಡರು. "ಭಾರಕ್ಕೆ ಎದ್ದು ನಾಲ್ಕು ಹೆಜ್ಜೆ ಇಡಲಾರದೆ ಕೂತಲ್ಲೇ ಕೂತಿದ್ದಾಳೆ, ಪಾಪ."

"ಗುಂಡಿ ಆಳವಾಗಿದ್ರೆ ಒಳ್ಳೇದು ಬುದ್ಧಿ..."

"ಗುಂಡಿಯ ಆಳದ ಬಗ್ಗೆ ಬಳಕೆದಾರರಲ್ಲಿ ತೀವ್ರ ಕಳವಳವಿದೆ," ಎಂದು ನಾಜೂಕಯ್ಯನವರು ಕರಣಿಕನಿಗೆ ಬರೆಸಿದರು.

ಚೆಲುವಾಜಿ ಸೆರಗಿನ ತುದಿ ತಿರುಚುತ್ತಾ ಸುಮ್ಮನಾದಳು. ಅದನ್ನೂ ಬರೆದುಕೊಂಡರು: ಸಂಪೂರ್ಣ ಸಮ್ಮತಿ.

ಅಂದಿನಿಂದ ದಪ್ಪವನ್ನು ವೀಳ್ಯದೆಲೆಯಲ್ಲಿ ಅಳೆಯತೊಡಗಿದರು. ಹಳೆಯ ಪೆಟ್ಟಿಗೆ ನೂರ ಇಪ್ಪತ್ತು ಎಲೆ, ಪಕ್ಕದ ರಾಜ್ಯದ್ದು ಅರವತ್ತು, ನಮ್ಮ ಹೊಸದು ಐವತ್ತೇ ಎಲೆ ಇರತಕ್ಕದ್ದು ಎಂದು ನಿರೂಪ ಹೊರಟಿತು. ಅಳತೆಗಾಗಿ ಪ್ರತಿ ಮನೆಯೂ ವಾರಕ್ಕೊಂದು ಕವಳಿಗೆ ಎಲೆ ಒಪ್ಪಿಸಬೇಕು. ಅಳೆದಾದ ಮೇಲೆ ಮಾನದಂಡವನ್ನು ಸುಣ್ಣ ಅಡಿಕೆಯೊಂದಿಗೆ ಸಭಿಕರಿಗೆ ಹಂಚುತ್ತಿದ್ದುದರಿಂದ ಯಾವ ಅಳತೆಯನ್ನೂ ಯಾರೂ ಎರಡನೆಯ ಸಲ ಪರೀಕ್ಷಿಸಲಾಗಲಿಲ್ಲ.

ಎಂಟು ದಿನಕ್ಕೆ ಹೊಸ ಪೆಟ್ಟಿಗೆ ಬಂತು. ಚೆಲುವಾಜಿ ಗುಂಡಿ ಒತ್ತಿದಳು. ಗುಂಡಿ ಕೆಳಗೆ ಹೋಗಲಿಲ್ಲ, ಹೋಗಲು ಅಲ್ಲಿ ಜಾಗವೇ ಇರಲಿಲ್ಲ. ಕಲ್ಲಿನ ಮೇಲೆ ಬೆರಳು ಕುಟ್ಟಿದಂತಾಯಿತು. ಅಕ್ಷರವೇನೋ ಮೂಡಿತು. ಸದ್ದು ಬರಲಿಲ್ಲ.

"ಹೊಡಿಯವ್ವ ಮತ್ತೆ," ಎಂದ ದ್ಯಾವಯ್ಯ.

"ಹೊಡೀತಾ ಇದೀನಿ ದ್ಯಾವಣ್ಣ."

"ಎಲ್ಲಿ? ನಾನು ಅಷ್ಟು ಹೇಳ್ದೆ, ಒಂದು ಟಕ್ಕೂ ಇಲ್ಲ. ನನ್ನ ಅರ್ಜಿ ಅಂದ್ರೆ ನಿಂಗೂ ಅಸಡ್ಡೆ ಆಗೋಯ್ತಾ?"

ಕಟ್ಟೆಯ ತುಂಬ ಇದೇ ರಗಳೆ. ಕೊನೆಗೆ ಲಿಪಿಕಾರರೆಲ್ಲ ಒಂದು ಉಪಾಯ ಕಂಡುಕೊಂಡರು. ಗುಂಡಿ ಒತ್ತುತ್ತಾ ಬಾಯಲ್ಲೇ ಸದ್ದು ಮಾಡುವುದು. ಹತ್ತು ಜನರ ಎದುರು ತನ್ನ ಹೆಸರು ಹೇಳಲೂ ನಾಚುತ್ತಿದ್ದ ಚೆಲುವಾಜಿ, ಕಿವಿಯವರೆಗೆ ಕೆಂಪಾಗಿ, ತಲೆ ತಗ್ಗಿಸಿಕೊಂಡು, "ಟಕ್ ಟಕ್ ಟಕಟಕ್" ಎಂದಳು.

"ಹಾಂ, ಈಗ ಬಿತ್ತು," ಎಂದ ದ್ಯಾವಯ್ಯ. "ಆ 'ಹಲಗೆ' ಅನ್ನೋ ಕಡೆ ಇನ್ನೊಂದು ಸ್ವಲ್ಪ ಗಟ್ಟಿಯಾಗಿ ಅನ್ನು."

ಅರ್ಜಿ ಮುಗಿಯಿತು. ಮುದ್ರೆ ಹಾಕೋಣವೆಂದು ಪೆಟ್ಟಿಗೆಯ ಪಕ್ಕೆ ತಡವಿದಳು. ನಾಲ್ಕು ತೂತುಗಳಿದ್ದಲ್ಲಿ ಒಂದೇ ಇತ್ತು, ಅದೂ ಇರುವೆಯ ಗೂಡಿನ ಬಾಯಿಯಷ್ಟು. ಅದಕ್ಕೆ ಮುದ್ರೆಯಂತ್ರದ ತಂತಿ ಹೋಗದು. ವಿಚಾರಿಸಿದಾಗ ನಾಜೂಕಯ್ಯನವರ ಕಚೇರಿಯಿಂದ ಉತ್ತರ ಬಂತು: ರಂಧ್ರಗಳು ಹಿಂದಿನ ಕಾಲದವು, ಭವಿಷ್ಯಕ್ಕೆ ಒಂದೇ ಸಾಕು. ಹಿಂದಿನ ಕಾಲದಲ್ಲೇ ಬದುಕಲು ಇಚ್ಛಿಸುವವರು ಕೊಂಡಿ ಪಡೆಯಬಹುದು.

ಕೊಂಡಿ ಎಂದರೆ ಒಂದು ತುದಿ ಸಣ್ಣ ತೂತಿಗೂ ಇನ್ನೊಂದು ತುದಿ ಹಳೆಯ ತಂತಿಗೂ ಹೊಂದುವ ಗಂಟು. ಚಾರ್ಜಿಗೊಂದು, ಮುದ್ರೆಗೊಂದು, ಕಡತಕ್ಕೆರಡು. ಕೊಂಡಿಗೆ ಕೊಂಡಿ ಸೇರಿಸಲು ಮತ್ತೊಂದು. ವಾರ ಕಳೆಯುವುದರಲ್ಲಿ ಲಿಪಿಕಾರರೆಲ್ಲ ಒಂದು ಕೈಯಲ್ಲಿ ತೆಳು ಪೆಟ್ಟಿಗೆ ಹಿಡಿದು, ತಲೆಯ ಮೇಲೆ ಕೊಂಡಿಗಳ ಗೋಣಿಚೀಲ ಹೊತ್ತು ಬರತೊಡಗಿದರು. ಮಹಾರಾಜರು ಉಪ್ಪರಿಗೆಯಿಂದ ನೋಡಿ, "ಎಷ್ಟು ಹಗುರ!" ಎಂದು ಮೆಚ್ಚಿದರು. ಅವರು ನೋಡುತ್ತಿದ್ದುದು ಕೈಗಳನ್ನು. ತಲೆಯ ಮೇಲಿನ ಚೀಲ ನಾಜೂಕಯ್ಯನವರ ಖಾತೆಗೆ ಬರುತ್ತಿರಲಿಲ್ಲ.

ದೋಣಿಗೆ ಮಾತ್ರ ಎಲ್ಲವೂ ಒಂದೇ ಖಾತೆ. ಚೀಲದ ಭಾರಕ್ಕೆ ಅದು ಇನ್ನಷ್ಟು ತಗ್ಗಿತು. ನಲವತ್ತು ಚೊಂಬು ಇದ್ದದ್ದು ಎಪ್ಪತ್ತಾಯಿತು. "ಹಗುರಾದ ಪೆಟ್ಟಿಗೆ ಬಂದ ಮೇಲೆ ನಂಗೆ ಸೊಂಟ ಹಿಡ್ದೋಯ್ತು," ಎಂದ ದ್ಯಾವಯ್ಯ, ದಡ ಮುಟ್ಟಿದ ಮೇಲೆ.

ಮರುದಿನ ಚೆಲುವಾಜಿ ಮುದ್ರೆಯ ಕೊಂಡಿ ಸಿಕ್ಕಿಸಿದಳು. ತೂತು ಒಂದೇ ಆದ್ದರಿಂದ ಚಾರ್ಜಿನ ಕೊಂಡಿ ತೆಗೆಯಬೇಕಾಯಿತು. ಬ್ಯಾಟರಿಯೂ ತೆಳುವಾಗಿತ್ತಲ್ಲ, ಮುದ್ರೆಯ ಸಿಂಹದ ಎರಡು ಕಾಲು ಮೂಡುವಷ್ಟರಲ್ಲಿ ಪೆಟ್ಟಿಗೆ ಕಣ್ಣು ಮುಚ್ಚಿತು. ಮತ್ತೆ ಚಾರ್ಜು, ಮತ್ತೆ ಮುದ್ರೆ, ಮತ್ತೆ ಎರಡು ಕಾಲು. ಅವಳು ಆ ಎರಡು ಕಾಲಿನ ಮುದ್ರೆಯ ಅರ್ಜಿಯನ್ನೇ, ಹಲಗೆ ಕೊಡುವ ಉಗ್ರಾಣಕ್ಕೆ ನೇರವಾಗಿ ಒಯ್ದಳು.

ಉಗ್ರಾಣದ ಬೋಳಯ್ಯ ಒಳ್ಳೆಯವನೇ. "ಹಲಗೆ ಐತೆ ಕಣಮ್ಮ," ಎಂದು ಮೂಲೆಗೆ ಕೈ ತೋರಿಸಿದ. ಎರಡು ಬೆರಳ ದಪ್ಪದ ತೇಗದ ಹಲಗೆ, ಅದರ ಮೇಲೆ ಸುಣ್ಣದಲ್ಲಿ ದೋಣಿಯ ಚಿತ್ರ. "ಹೋದ ವರ್ಷದಿಂದ ನಿಮ್ಮ ದೋಣಿಗೇಂತ ಎತ್ತಿಟ್ಟಿದೀನಿ. ಇಡೀ ಉಗ್ರಾಣದಾಗೆ ಒಂದೇ ಉಳಿದಿರೋದು. ಆದ್ರೆ ನಾಕು ಕಾಲಿನ ಸಿಂಹ ಬೇಕು. ಎರಡು ಕಾಲಿಂದು ತಂದ್ರೆ ನನ್ನ ಕಾಲು ಹೋಗ್ತದೆ."

"ಇನ್ನು ಎರಡೇ ಕಾಲಲ್ವಾ ಬೋಳಣ್ಣ, ತಂದ್ಬಿಡ್ತೀನಿ," ಎಂದಳು ಚೆಲುವಾಜಿ.

ಆದರೆ ಅಷ್ಟರಲ್ಲಿ ಪಕ್ಕದ ರಾಜ್ಯದವರು ನಲವತ್ತೈದು ಎಲೆಯ ಪೆಟ್ಟಿಗೆ ಮಾಡಿದರೆಂಬ ಸುದ್ದಿ ಬಂತು. ಮಹಾರಾಜರು ಎರಡು ದಿನ ಊಟ ಬಿಟ್ಟರು, ಹಣ್ಣು ಹಾಲು ಮಾತ್ರ. ಮೂರನೆಯ ದಿನ ಗಾರೆಯವರನ್ನು ಕರೆಸಿ ಅಹವಾಲು ಬಾಗಿಲಿನ ಹೊಸ್ತಿಲು ಎತ್ತರಿಸಲು ಅಪ್ಪಣೆ ಮಾಡಿದರು. ಸಂದಿ ಕಿರಿದಾದರೆ ಪೆಟ್ಟಿಗೆ ತಾನಾಗಿ ತೆಳುವಾಗಲೇಬೇಕು ಎಂಬುದು ಅವರ ತರ್ಕ. ಹೊಸ್ತಿಲು ಏರಿತು. ಮುದ್ರೆ ಬಿದ್ದ ಹಳೆಯ ದಪ್ಪ ಕಡತಗಳು ಹೊರಗೇ ಉಳಿದವು. ವಾರ ಬಿಟ್ಟು ಮತ್ತೆ ಏರಿತು.

"ಪ್ರಭು, ಇನ್ನು ತೆಳು ಮಾಡಬೇಕೆಂದರೆ ಗುಂಡಿಗಳು ಅಡ್ಡ ಬರುತ್ತವೆ," ಎಂದರು ನಾಜೂಕಯ್ಯನವರು.

"ಜನ ಗುಂಡಿಯನ್ನು ಏಕೆ ಒತ್ತುತ್ತಾರೆ?"

"ಏನಾದರೂ ಕೇಳಲು, ಪ್ರಭು."

"ತೃಪ್ತರಾದ ಪ್ರಜೆಗಳು ಏನು ಕೇಳುತ್ತಾರೆ?"

ನಾಜೂಕಯ್ಯನವರು ಆನಂದಬಾಷ್ಪ ಸುರಿಸಿದರು. ಗುಂಡಿಗಳು ಹೋದವು. ಗುಂಡಿಯಿಲ್ಲದ ಮೇಲೆ ಚಾರ್ಜು ಏಕೆ? ಚಾರ್ಜಿಲ್ಲದ ಮೇಲೆ ತೂತು ಏಕೆ? ಕೊನೆಯ ತೂತೂ ಹೋಯಿತು. ತಿಂಗಳು ತುಂಬುವುದಕ್ಕೆ ಎರಡು ದಿನ ಇರುವಾಗ ಎರಡೇ ಎಲೆ ದಪ್ಪದ ಪೆಟ್ಟಿಗೆ ಸಿದ್ಧವಾಯಿತು. ಅದರ ಬ್ಯಾಟರಿ ಎಂದೆಂದಿಗೂ ಖಾಲಿಯಾಗದು ಎಂದು ಡಂಗುರ ಸಾರಿದರು. ಅದು ಸುಳ್ಳಲ್ಲ. ಅದರೊಳಗೆ ಬ್ಯಾಟರಿ ಇರಲಿಲ್ಲ.

ಒಂದು ಸಣ್ಣ ತೊಂದರೆ ಉಳಿಯಿತು. ಪೆಟ್ಟಿಗೆಯನ್ನು ಎತ್ತಿದರೆ ಅದು ಬಾಳೆಲೆಯಂತೆ ಬಾಗುತ್ತಿತ್ತು. ಅದರ ಕೆಳಗೆ ಗಟ್ಟಿಯಾದ ಏನಾದರೂ ಬೇಕು. ಉಗ್ರಾಣಕ್ಕೆ ಹೇಳಿ ಕಳಿಸಿದರು.

ಪೆಟ್ಟಿಗೆಯ ಪಟ್ಟಾಭಿಷೇಕದ ದಿನ ಚೆಲುವಾಜಿಯೂ ಜನರ ನಡುವೆ ನಿಂತಿದ್ದಳು. ಅವಳ ಸೊಂಟದಲ್ಲಿ ಒಂದು ಅರ್ಜಿಯಿತ್ತು. ಪೆಟ್ಟಿಗೆ ಕೈಬಿಟ್ಟ ಮೇಲೆ ಕೈಯಲ್ಲೇ ಬರೆದು, ನಾಲ್ಕು ಕಾಲಿನ ಸಿಂಹವನ್ನು ನೆನಪಿನಿಂದ ಬಿಡಿಸಿದ್ದಳು. ಸ್ವಲ್ಪ ಬೆಕ್ಕಿನಂತೆ ಕಾಣುತ್ತಿತ್ತು. ತುತ್ತೂರಿ ಊದಿತು. ಪೆಟ್ಟಿಗೆ ಅಹವಾಲು ಬಾಗಿಲಡಿಯಲ್ಲಿ ಯಾವ ತಡೆಯೂ ಇಲ್ಲದೆ ಒಳಗೆ ನುಸುಳಿತು. ಜನ ಹೋ ಎಂದರು. ಆಮೇಲೆ ಅದನ್ನು ಮೆರವಣಿಗೆಯಲ್ಲಿ ಹೊರಗೆ ತಂದರು. 'ನಿರಂಧ್ರ ಚಕ್ರವರ್ತಿ' ಎಂಬ ಬಿರುದು ಕೊಟ್ಟು ಕಿರೀಟ ಇಟ್ಟರು. ಕಿರೀಟ ಭಾರವಾದ್ದರಿಂದ ಅದನ್ನು ಪಕ್ಕದಲ್ಲಿ ಒಬ್ಬ ಹಿಡಿದುಕೊಂಡಿದ್ದ. ಪೆಟ್ಟಿಗೆಯ ಕೆಳಗೆ ಎರಡು ಬೆರಳ ದಪ್ಪದ ತೇಗದ ಹಲಗೆ. ಹಲಗೆಯ ಅಂಚಿನಲ್ಲಿ ಇನ್ನೂ ಅಳಿಸದ ಸುಣ್ಣದ ದೋಣಿ.

ಚೆಲುವಾಜಿ ಅದನ್ನೇ ನೋಡುತ್ತಾ ನಿಂತಳು. ಎಲ್ಲರೂ ಪೆಟ್ಟಿಗೆಯನ್ನು ನೋಡುತ್ತಿದ್ದರು.

"ಚೆಲುವವ್ವ," ಹಿಂದಿನಿಂದ ದ್ಯಾವಯ್ಯನ ಧ್ವನಿ. "ಮೇಲೆ ಎಲ್ಲೋ ಮಳೆ ಹಿಡ್ಕೊಂಡದೆ. ನೀರು ಕೆಂಪಗಾಯ್ತು. ಸಂಜೇಗೆ ಕೊನೇ ಸಾರಿ ಬಿಡ್ತೀನಿ. ಮನೆ ಸೇರ್ಕೋಬೇಕು ಅಂದ್ರೆ ಈಗ್ಲೇ ಬಾ. ಬಂದ್ರೆ ಮತ್ತೆ ಈ ಕಡೆ ಬರೋದು ನಾಕು ತಿಂಗ್ಳಿಗೇ."

"ಒಂದೇ ಗಳಿಗೆ ದ್ಯಾವಣ್ಣ. ಇದೊಂದನ್ನ ಒಳಗೆ ಹಾಕಿ ಬಂದ್ಬಿಡ್ತೀನಿ."

ಮೆರವಣಿಗೆ ಒಳಗೆ ಹೋಗಿತ್ತು. ಅಹವಾಲು ಬಾಗಿಲು ಮುಚ್ಚಿತ್ತು. ಚೆಲುವಾಜಿ ಮಂಡಿಯೂರಿ ಕಾಗದವನ್ನು ಹೊಸ್ತಿಲ ಬಳಿ ತಳ್ಳಿದಳು. ಅದು ಹೋಗದೆ ಮಡಿಚಿಕೊಂಡಿತು. ಬೆರಳಿನಿಂದ ತಡವಿ ನೋಡಿದಳು. ಗಾರೆ ಇನ್ನೂ ಹಸಿಯಾಗಿತ್ತು. ಇನ್ನು ಮುಂದೆ ಇದಕ್ಕಿಂತ ತೆಳುವಾದದ್ದು ಯಾವುದೂ ಬಾಗಿಲಡಿ ನುಸುಳಿ ಚಕ್ರವರ್ತಿಗಳ ದಾಖಲೆ ಮುರಿಯಬಾರದೆಂದು ಸಂದಿಯನ್ನೇ ಮುಚ್ಚಿಬಿಟ್ಟಿದ್ದರು. ಬೀಗದ ತೂತಿಗೂ ಮೇಣ ಮೆತ್ತಿದ್ದರು. ಹಗುರಾವತಿಯಲ್ಲಿ ಈಗ ಮುಚ್ಚದೆ ಉಳಿದ ತೂತು ಒಂದೇ, ಅದು ಹೊಳೆಯ ಮೇಲಿತ್ತು.

ಅವಳು ಎದ್ದು ನಿಂತಳು. ಒಳಗೆ ವಾದ್ಯ ನಿಂತು ತಾಂಬೂಲ ಹಂಚುವ ಸದ್ದು ಕೇಳಿಸುತ್ತಿತ್ತು. ಆ ಕಡೆ ಈ ಕಡೆ ನೋಡಿ, ಸೆರಗು ಸರಿಮಾಡಿಕೊಂಡು, ಬಾಗಿಲನ್ನು ಬೆರಳಿನಿಂದ ತಟ್ಟಿದಳು. ಟಕ್ ಟಕ್ ಟಕ್. ತೇಗದ ಬಾಗಿಲಾದ್ದರಿಂದ ಸದ್ದು ಚೆನ್ನಾಗಿಯೇ ಬಂತು. ಒಳಗಿನ ಮಾತು ಒಂದು ಗಳಿಗೆ ನಿಂತಿತು.

"ಬುದ್ಧಿ," ಎಂದಳು ಚೆಲುವಾಜಿ, ಇಷ್ಟು ವರ್ಷದಲ್ಲಿ ಮೊದಲ ಸಲ ಗಟ್ಟಿಯಾಗಿ. "ಪೆಟ್ಟಿಗೆ ನೀವೇ ಇಟ್ಕೊಳ್ಳಿ. ಅದರ ಕೆಳಗಿರೋ ಹಲಗೆ ನಮ್ಮ ದೋಣಿಗೆ ಕೊಡಿ."