ನಮ್ಮ ಮನೆಯ ಉತ್ತರದ ಎಲ್ಲೆಯಾಗಿರುವ ಎಮ್ಮೆಯವರಿಗೆ

ಬೆಸಗರಹಳ್ಳಿ

ನೆರೆಮನೆಯ ಪುಟ್ಟಮಾದಯ್ಯನವರ ಮಾನ್ಯ ಎಮ್ಮೆಯವರ ಸನ್ನಿಧಾನಕ್ಕೆ,

ಮಾನ್ಯರೇ,

ದೇವಿರಮ್ಮನವರ ಮಗಳು, ಮಂಡ್ಯಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಕಾನೂನು ಓದುತ್ತಿರುವ ಮೋಹಿನಿಯ ನಮಸ್ಕಾರಗಳು. ತಾವು ಮೆಲುಕು ಹಾಕುತ್ತ ಕ್ಷೇಮವಾಗಿರುವುದು ನಮ್ಮ ಹಿತ್ತಲ ಬಾಗಿಲಿನಿಂದಲೇ ಕಾಣುವುದರಿಂದ ಕುಶಲ ಕೇಳುವ ಅಗತ್ಯ ಬೀಳಲಿಲ್ಲ.

ನಮ್ಮಪ್ಪ ಈ ಮನೆ ಕೊಂಡಾಗ ಮದ್ದೂರಿನ ಪತ್ರ ಬರಹಗಾರರೊಬ್ಬರು ಕ್ರಯಪತ್ರದ ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆ ಹೇಳುವ ಕಡೆ, ಪೂರ್ವಕ್ಕೆ ಬೀದಿ, ದಕ್ಷಿಣಕ್ಕೆ ಓಣಿ, ಪಶ್ಚಿಮಕ್ಕೆ ಕಾಲುವೆ ಎಂದೆಲ್ಲ ಚೆನ್ನಾಗಿಯೇ ಬರೆದು, ಉತ್ತರಕ್ಕೆ ಬರುವ ಹೊತ್ತಿಗೆ ಬೇರೇನೂ ತೋಚದೆ ‘ಪುಟ್ಟಮಾದಯ್ಯನ ಎಮ್ಮೆ ಗೂಟ’ ಎಂದು ಮುಗಿಸಿದರು. ಆಗ ಆ ಗೂಟದಲ್ಲಿ ತಮ್ಮ ಅಜ್ಜಿಯವರಿದ್ದರು. ಕಲ್ಲಾಗಿದ್ದರೆ ನೆಟ್ಟಲ್ಲೇ ಇರುತ್ತಿತ್ತು. ಗೂಟವಾದ್ದರಿಂದ ಕೆಸರಾದಾಗ ಒಣ ಜಾಗಕ್ಕೆ, ಬಿಸಿಲೇರಿದಾಗ ನೆರಳಿಗೆ ಸರಿಯಿತು. ಒಣ ಜಾಗವೂ ನೆರಳೂ ಯಾವಾಗಲೂ ನಮ್ಮ ಕಡೆಗೇ ಇದ್ದವು.

ಈಗ ಅದು ನಮ್ಮ ಬಚ್ಚಲುಮನೆಯ ಬಾಗಿಲಿಗೆ ಬಂದಿದೆ. ಅಮ್ಮ ಕೇಳಿದ್ದಕ್ಕೆ ಪುಟ್ಟಮಾದಯ್ಯನವರು, “ನಾನೇನ್ ಮಾಡ್ಲಿ ಕಣಮ್ಮ, ಪತ್ರದಲ್ಲೇ ಅಂಗ್ ಬರ್ದದೆ, ಗೂಟ ಎಲ್ಲದೋ ಅಲ್ಲೀಗಂಟ ನಂದೇಯ” ಎಂದರು. ಅಳತೆಗೆ ಬಂದವರೂ ತಮ್ಮ ಬಾಲಕ್ಕೆ ಹೆದರಿ ದೂರದಿಂದಲೇ ನೋಡಿ, ಪತ್ರಕ್ಕೂ ಸ್ಥಳಕ್ಕೂ ತಾಳೆಯಾಗಿದೆ ಎಂದು ಬರೆದುಕೊಂಡು ಹೋದರು.

ಸ್ಥಿರಾಸ್ತಿ ಎಂದರೆ ಕದಲದ ಆಸ್ತಿ ಎಂದು ನಮ್ಮ ಮೇಷ್ಟ್ರು ಪಾಠ ಹೇಳುವಾಗಲೆಲ್ಲ ನನಗೆ ತಮ್ಮ ನೆನಪಾಗುತ್ತದೆ. ದಾವೆಯಿಲ್ಲದೆ, ವಕೀಲರಿಲ್ಲದೆ, ಬರೀ ಮಲಗಿ ಹಕ್ಕು ಸಂಪಾದಿಸುವ ತಮ್ಮ ವಿದ್ಯೆ ನಮ್ಮ ಯಾವ ಪಠ್ಯದಲ್ಲೂ ಇಲ್ಲವಾದ್ದರಿಂದ ತಾವು ಒಂದು ದಿನ ತರಗತಿಗೆ ದಯಮಾಡಿಸಬೇಕು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಟವೆಲ್ ಹಾಕಿಡುತ್ತೇನೆ. ಅಲ್ಲಿಯತನಕ, ಮಲಗುವಾಗ ಬಾಲವನ್ನಾದರೂ ಉತ್ತರಕ್ಕೆ ಚಾಚಿಕೊಳ್ಳಿ. ಸ್ವಂತ ಮನೆಯಲ್ಲಿ ಸ್ನಾನಕ್ಕೆ ಹೋಗಲು ಅಮ್ಮ ಬಿಸಿನೀರಿನ ಬಕೆಟ್ಟು ಹಿಡಿದು ತಾವು ಏಳುವುದನ್ನೇ ಕಾಯುತ್ತ ನಿಲ್ಲುತ್ತಾಳೆ.

ಗೂಟ ಅಡುಗೆಮನೆಗೆ ಬರುವವರೆಗಾದರೂ,
ತಮ್ಮ ವಿಶ್ವಾಸಿ,
ಮೋಹಿನಿ

ತಾ.ಕ.: ಮನೆ ಅಡವಿಟ್ಟು ಬ್ಯಾಂಕಿನಿಂದ ಸಾಲ ತೆಗೆಯಲಿರುವ ತಮ್ಮ ಯಜಮಾನರು ನಿನ್ನೆ ಬಂದು, “ಲಾ ಓದ್ತಿದ್ದೀಯಲ್ಲವ್ವ, ನಮ್ಮನೆ ಚಕ್ಕುಬಂದೀನೂ ನೀನೇ ಬರ್ಕೊಡು” ಎಂದರು. ಬರೆದುಕೊಟ್ಟೆ, ಓದದೆಯೇ ರುಜು ಹಾಕಿದರು. ಅದರಲ್ಲಿ ದಕ್ಷಿಣಕ್ಕೆ ‘ದೇವಿರಮ್ಮನ ನಾಯಿ ಮಲಗುವ ಜಾಗ’ ಎಂದಿದೆ. ನಮಗೆ ನಾಯಿಯಿಲ್ಲ. ಎಮ್ಮೆಗೆ ಹೆದರದ, ಪಕ್ಕದವರ ನಡುಮನೆಯೇ ನಿದ್ದೆಗೆ ಒಗ್ಗುವಂಥದ್ದೊಂದನ್ನು ಹುಡುಕುತ್ತಿದ್ದೇವೆ.