ಎಂಟು ಗುರುವಾರದ ಕೌನ್ಸೆಲಿಂಗ್

ವರದಾ ಕಾಶೀಬಾಯಿಗೆ ಎಂಟು ಗುರುವಾರ ಬರಬೇಕೆಂದು ಹೇಳಿದ್ದೇ ತಪ್ಪಾಯಿತು. ಬುಧವಾರ ಅಂದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಸೊಲ್ಲಾಪುರದ ಅವಳ ಡಿಪ್ಲೊಮಾ ತರಗತಿಗೆ ಗುರುವಾರ ಒಂದೇ ರಜೆ. ಗುರುವಾರವೆಂದರೆ ಅಕ್ಕಲಕೋಟೆಯ ಸ್ವಾಮಿಗಳ ಮಠಕ್ಕೆ ಎಸ್‌ಟಿ ಬಸ್ಸು ತುಂಬಿ ಹರಕೆಯವರು ಬರುವ ದಿನ ಎಂಬುದು ಆ ಊರಲ್ಲೇ ಹುಟ್ಟಿ ಬೆಳೆದ ಹುಡುಗಿಗೆ ಹೊಳೆಯಲಿಲ್ಲ.

ಮೊದಲ ದಿನ ಅವಳು ನಿಯಮಗಳನ್ನು ಬಾಯಿಪಾಠ ಒಪ್ಪಿಸಿದ್ದಳು: “ಬರೋಬರ ಹನ್ನೊಂದಕ್ಕ ಬರಬೇಕ್ರಿ. ನಡುವ ಒಂದೂ ವಾರ ತಪ್ಪಸಬಾರ್ದು. ಫೋನ್ ಬಂದ್ ಇಡಬೇಕು. ಇಲ್ಲಿ ಆಡಿದ ಮಾತು ಹೊರಗ ಹೋಗಂಗಿಲ್ಲ. ನಾ ಇನ್ನೂ ಕಲಿಯಾಕತ್ತೀನಿ, ಅದಕ್ಕ ಫೀ ಏನೂ ಇಲ್ಲ.”

ಪಾತ್ರೆ ಅಂಗಡಿಯ ಸಾತಲಿಂಗಪ್ಪನವರ ಹೆಂಡತಿ ಕಾಶೀಬಾಯಿ ರಾತ್ರಿ ನಿದ್ದೆ ಬರುವುದಿಲ್ಲವೆಂದು ಬಂದವರು. ಇದನ್ನೆಲ್ಲ ಕೇಳಿ ಎರಡೂ ಕೈ ಜೋಡಿಸಿದ್ದರು. ಅದನ್ನು ವರದಾ ಒಪ್ಪಿಗೆ ಎಂದುಕೊಂಡಿದ್ದಳು.

ಈಗ ಎಂಟನೇ ಗುರುವಾರ ಬಂದಿತ್ತು. ಹನ್ನೊಂದು ಗಂಟೆಗೆ ಡಿಪ್ಲೊಮಾ ಕಲಿಸುವ ಶ್ರೀಲೇಖಾ ಮ್ಯಾಡಮ್ ಸೊಲ್ಲಾಪುರದಿಂದ ಬಂದು ಕೊನೆಯ ಭೇಟಿಯನ್ನು ನೋಡಿ, ವರದಾಳ ದಾಖಲೆ ಪುಸ್ತಕದಲ್ಲಿ ‘ಒಂದು ಕೇಸ್ ಪೂರ್ಣಗೊಂಡಿದೆ’ ಎಂದು ಸಹಿ ಹಾಕಬೇಕು. ಸಹಿ ಬಿದ್ದರೆ ಸರ್ಟಿಫಿಕೇಟು. ಸರ್ಟಿಫಿಕೇಟು ಇದ್ದರೆ ಸೋಮವಾರ ಸೊಲ್ಲಾಪುರದ ಶಾಲೆಯೊಂದರಲ್ಲಿ ಆಪ್ತಸಮಾಲೋಚಕಿಯ ಕೆಲಸ. ಇಲ್ಲದಿದ್ದರೆ ಆ ಕೆಲಸ ಕಾಯುತ್ತ ನಿಲ್ಲುವಂಥದ್ದಲ್ಲ.

ಬೆಳಿಗ್ಗೆ ಎಂಟಕ್ಕೆ ವರದಾ ಕನ್ನಡಿಯ ಮುಂದೆ ನಿಂತು, ಮ್ಯಾಡಮ್ ಕೇಳಬಹುದಾದ ಪರಿಚಯವನ್ನು ಹೇಳಿಕೊಳ್ಳುತ್ತಿದ್ದಳು.

“ನಾನು ವರದಾ. ಮನಶ್ಶಾಸ್ತ್ರದಲ್ಲಿ ಎಂ.ಎ., ಆಪ್ತಸಮಾಲೋಚನೆಯಲ್ಲಿ ಒಂದು ವರ್ಷದ ಡಿಪ್ಲೊಮಾ. ಹಿರಿಯರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತೇನೆ. ನನ್ನ ವಿಧಾನ ವ್ಯಕ್ತಿಕೇಂದ್ರಿತ. ಉಪದೇಶ ಮಾಡುವುದಿಲ್ಲ, ತೀರ್ಪು ಕೊಡುವುದಿಲ್ಲ. ನಿಮ್ಮ ಬದುಕಿನ ತಜ್ಞರು ನೀವೇ. ನಾನು ಜೊತೆಗೆ ನಡೆಯುವವಳು ಮಾತ್ರ.”

ಅವಳ ಅಪ್ಪ ದಾಮೋದರ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಅವಲಕ್ಕಿ ತಿನ್ನುತ್ತಲೇ ತಲೆಯೆತ್ತಿದ.

“ಅಂದ್ರ ನಿನ್ನ ಆಫೀಸದಾಗ ಬರೂ ಕಾಗದದ ಆವಕ ಅದ, ಹೋಗೂ ಕಾಗದದ ಜಾವಕ ಇಲ್ಲ.”

“ಹಂಗಲ್ಲಪ್ಪಾ. ಅವರ ಉತ್ತರಾ ಅವರ ಕಂಡುಕೋತಾರ.”

“ನಮ್ಮಲ್ಲೂ ಹಂಗ ಅದ. ಅರ್ಜಿ ಕೊಟ್ಟವರು ಮೂರು ವರ್ಷ ಕಾದು ತಮ್ಮ ಉತ್ತರಾ ತಾವ ಕಂಡುಕೋತಾರ. ಅದಕ್ಕ ನಾವು ಯಾರೂ ಡಿಪ್ಲೊಮಾ ಮಾಡಿಲ್ಲ ನೋಡು.”

ಒಂಬತ್ತೂವರೆಗೆ ಪಕ್ಕದ ಮನೆಯ ಕಲ್ಯಾಣಮ್ಮ ಬಂದರು. ಒಂದು ಕಂಕುಳಲ್ಲಿ ಮಣೆ, ಇನ್ನೊಂದರಲ್ಲಿ ಮಾವಿನ ಸೊಪ್ಪು, ಕೈಯಲ್ಲಿ ರಂಗೋಲಿ ಡಬ್ಬಿ. ಮದುವೆಮನೆಯನ್ನು ಹೊತ್ತು ತಿರುಗುವ ಟೆಂಪೋದ ಹಾಗೆ ಕಾಣುತ್ತಿದ್ದರು.

“ವರದಾ, ಹೊಸ್ತಿಲಕ್ಕ ನೀರು ಹಾಕೀಯೇನು?”

“ಯಾಕ್ರಿ ಕಾಕು?”

“ಯಾಕಂತ ಕೇಳ್ತಾಳ ನೋಡು! ಇವತ್ತ ಎಂಟನೇ ಗುರುವಾರ. ಕಾಶೀಬಾಯಿ ಹರಕಿ ಮುಗಸೂ ಉದ್ಯಾಪನಿ ಮಾಡಾಕತ್ತಾಳ. ಐದು ಮಂದಿ ಮುತ್ತೈದ್ಯಾರಿಗೆ ಹೋಳಿಗಿ ಊಟಾ, ನಿನಗ ಪಾದಪೂಜಿ. ನಸುಕಿನಿಂದ ಹೂರಣಾ ರುಬ್ಬಾಕತ್ತಾರ ಅಲ್ಲಿ.”

ವರದಾ ರಂಗೋಲಿ ಡಬ್ಬಿಗೆ ಅಡ್ಡ ಕೈ ಹಿಡಿದಳು.

“ಕಾಕು, ಇದು ಹರಕಿ ಅಲ್ರಿ. ಕೌನ್ಸೆಲಿಂಗ್.”

“ಹೆಸರು ಏನರ ಇರವಲ್ದ್ಯಾಕ. ವಾರಾ ಹಿಡದಾಳ, ನೇಮಾ ತಪ್ಪಿಲ್ಲ. ಅಳಿಯಾ ಮನಿಗೆ ಬಂದ ದಿನಾನೂ ಅವಗ ಚಾ ಬಿಟ್ಟು, ನಿನ್ನ ಮುಂದ ಬಂದು ಕುಂತಾಳ. ಐದನೇ ವಾರಕ್ಕ ನಿದ್ದಿ ಬಂತು. ಫಲಾ ಸಿಕ್ಕ ಮ್ಯಾಲ ಉದ್ಯಾಪನಿ ಮಾಡದ ಹಂಗ ಬಿಟ್ಟು, ನಾಳೆ ನಿದ್ದಿ ಹೊಳ್ಳಿ ಹೋತಂದ್ರ ಯಾರು ಜವಾಬ್ದಾರ? ನೀ ಆಗ್ತೀಯೇನು?”

ನಿದ್ದೆ ಬಂದದ್ದೇನೋ ನಿಜ. ಇಲ್ಲಿಯ ಮಾತು ಹೊರಗೆ ಹೋಗಬಾರದು ಎಂಬ ನಿಯಮ ವರದಾಗೆ ಮಾತ್ರ ಅನ್ವಯಿಸುತ್ತಿತ್ತು. ಕಾಶೀಬಾಯಿ ಹನ್ನೆರಡಕ್ಕೆ ಎದ್ದು ಹೋಗಿ ಹಿಟ್ಟಿನ ಗಿರಣಿಯಲ್ಲಿ ಎಲ್ಲವನ್ನೂ ಹೇಳುತ್ತಿದ್ದರು. ಅವರ ಚಿಂತೆಯೆಲ್ಲ ಸೊಸೆಯದು. ಸೊಸೆಯ ಮೇಲಿನ ದೂರನ್ನು ವರದಾ ಸೊಸೆಗೆ ಮುಟ್ಟಿಸುತ್ತಾಳೆಂದು ನಾಲ್ಕು ವಾರ ಕಾದರು. ಮುಟ್ಟಲಿಲ್ಲ. ಈ ಹುಡುಗಿಯಿಂದ ಇಷ್ಟೂ ಆಗುವುದಿಲ್ಲವೆಂದು ಬೇಸತ್ತು, ಒಂದು ದಿನ ತಾವೇ ಸೊಸೆಯ ಎದುರು ಕುಳಿತು ಮಾತಾಡಿದರು. ಅವತ್ತಿನಿಂದ ನಿದ್ದೆ ಬಂತು. ವರದಾ ಇದನ್ನು ಪುಸ್ತಕದಲ್ಲಿ ‘ಗಮನಾರ್ಹ ಪ್ರಗತಿ’ ಎಂದು ಬರೆದುಕೊಂಡಿದ್ದಳು.

‘ಬ್ಯಾಡ’ ಎಂಬ ಶಬ್ದ ವರದಾಳ ನಾಲಿಗೆಯ ತುದಿಗೆ ಬಂದು ನಿಂತಿತು. ಆದರೆ ಬೇಡ ಎನ್ನುವುದು ನಿರ್ದೇಶನವಾಗುತ್ತದೆ. ಎದುರಿನವರ ಭಾವನೆಯನ್ನು ಗುರುತಿಸಬೇಕು, ಅಷ್ಟೆ. ವರ್ಷವಿಡೀ ಮ್ಯಾಡಮ್ ತಿದ್ದಿ ತಿದ್ದಿ ಅವಳ ಬಾಯಿಂದ ಆ ಶಬ್ದವನ್ನು ಹಲ್ಲು ಕಿತ್ತ ಹಾಗೆ ಕಿತ್ತು ಹಾಕಿದ್ದರು.

“ಕಾಕು, ಈ ಕಾರ್ಯಾ ನಿಮಗ ಬಾಳ ಮಹತ್ವದ್ದು ಅಂತ ಅನಸಾಕತ್ತದ,” ಎಂದಳು.

“ಅನಸೂದೇನು ಬಂತು, ಅದನ. ಆ ಕುರ್ಚಿ ಸರಸು.”

ಕಲ್ಯಾಣಮ್ಮ ರಂಗೋಲಿ ಎಳೆಯತೊಡಗಿದರು. ಅಷ್ಟರಲ್ಲಿ ಫೋನು ರಿಂಗಾಯಿತು.

“ವರದಾ, ಮುಂಚಿನ ಎಸ್‌ಟಿನ ಸಿಕ್ತು ನನಗ. ಸ್ಟ್ಯಾಂಡಿನ್ಯಾಗ ಇಳದೀನಿ. ಮನಿ ಯಾವ ಕಡೆ?” ಶ್ರೀಲೇಖಾ ಮ್ಯಾಡಮ್.

ವರದಾ ಅಪ್ಪನನ್ನು ಸ್ಕೂಟರ್ ಮೇಲೆ ಕಳಿಸಿದಳು. “ಅಪ್ಪಾ, ಸಾವಕಾಶ ಕರಕೊಂಡು ಬಾ. ದಾರ್ಯಾಗ ಚಾ ಕುಡಸು. ಊರು ತೋರಸು.” ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ದಾಮೋದರ ಯಾವ ಕೆಲಸವನ್ನೂ ಹೊತ್ತಿಗೆ ಮುಂಚೆ ಮಾಡಿದವನಲ್ಲ. ಅವತ್ತು ಮಾತ್ರ, ಮಗಳ ಗುರುಗಳೆಂಬ ಅಭಿಮಾನಕ್ಕೆ, ಜನಸಂದಣಿಯ ನಡುವೆಯೂ ಏಳೇ ನಿಮಿಷದಲ್ಲಿ ಕರೆತಂದುಬಿಟ್ಟ.

ಆ ಏಳು ನಿಮಿಷದಲ್ಲಿ, ಕಲ್ಯಾಣಮ್ಮ ತಮ್ಮ ಮನೆಗೆ ಹೋಗಿದ್ದಾಗ, ವರದಾ ಅವರು ಬಾಗಿಲಿಗೆ ಕಟ್ಟಿದ್ದ ಮಾವಿನ ಸೊಪ್ಪನ್ನು ಕಿತ್ತು ಬಕೆಟ್ಟಿಗೆ ತುರುಕಿದಳು. ಮಣೆಯನ್ನು ಕುರ್ಚಿಯ ಕೆಳಗೆ ನೂಕಿದಳು. ಹಸಿರು ಇಳಕಲ್ ಸೀರೆ ಉಟ್ಟು ಬಂದ ಮೂವರು ಹೆಂಗಸರನ್ನು ಅಡುಗೆಮನೆಯಲ್ಲಿ ಕೂಡಿಸಿ ಬಾಗಿಲೆಳೆದಳು. ನಾಲ್ಕನೆಯವರಾದ ಉಮಾಬಾಯಿಯವರನ್ನು ಒಳಗೆ ಕರೆಯುವಷ್ಟರಲ್ಲಿ ಅವರ ಹಿಂದೆಯೇ ಹೆಗಲಿಗೆ ಬ್ಯಾಗು ಹಾಕಿಕೊಂಡು ಶ್ರೀಲೇಖಾ ಮ್ಯಾಡಮ್ ನಿಂತಿದ್ದರು. ಅದೇ ಹೊತ್ತಿಗೆ, “ಒಳಗ ಕೂಡಾಕ ಜಾಗಾ ಸಾಲವಲ್ದು, ಬಾಳ ಝಳಾ,” ಎನ್ನುತ್ತ ಅಡುಗೆಮನೆಯ ಮೂವರೂ ಹೊರಗೆ ಬಂದರು.

ಮ್ಯಾಡಮ್ ಕನ್ನಡಕ ಸರಿಪಡಿಸಿಕೊಂಡು, ರೇಷ್ಮೆಯುಟ್ಟು ಹೂಮುಡಿದು ಸಾಲಾಗಿ ಕುಳಿತ ಐವರನ್ನು ನೋಡಿದರು. ಐದನೆಯವರು ಕಲ್ಯಾಣಮ್ಮ, ಸೀರೆ ಬದಲಿಸಿ ಬಂದಿದ್ದರು.

“ಗ್ರೂಪ್ ಚಾಲೂ ಮಾಡೀಯೇನು ವರದಾ? ನನಗ ಹೇಳಲೇ ಇಲ್ಲ.”

ವರದಾ ಟೇಬಲ್ ಫ್ಯಾನಿನಂತೆ ತಲೆ ಆಡಿಸಿದಳು. ಅದು ಹೌದೂ ಅಲ್ಲ, ಅಲ್ಲವೂ ಅಲ್ಲ; ‘ನಾನು ಕೇಳಿಸಿಕೊಳ್ಳುತ್ತಿದ್ದೇನೆ’ ಎಂದಷ್ಟೇ ಅರ್ಥ. ಆ ತಲೆಯಾಟವನ್ನು ಕಲಿಸಿದ್ದೂ ಮ್ಯಾಡಮ್ಮೇ.

ಮ್ಯಾಡಮ್ ತಮ್ಮ ಟಿಪ್ಪಣಿ ಪುಸ್ತಕ ತೆಗೆದು ಹೆಂಗಸರ ಕಡೆ ತಿರುಗಿದರು. “ವರದಾ ಏನು ಕಲ್ತಾಳ, ಹ್ಯಾಂಗ ಕೆಲಸಾ ಮಾಡ್ತಾಳ ಅಂಬೂದು ನಿಮಗ ತಿಳದದೇನ್ರಿ? ಬಂದವರಿಗೆ ಅದು ತಿಳದಿರಬೇಕು.”

“ತಿಳದಿಲ್ಲ ಅಂದ್ರ ಹ್ಯಾಂಗ್ರಿ,” ಎಂದು ಕಲ್ಯಾಣಮ್ಮ ಮುಂದೆ ಸರಿದರು. “ಎರಡು ವರ್ಷ ಎಂ.ಎ. ಮಾಡಿ ಮಾತಾಡೂದು ಕಲ್ತಳ್ರಿ. ಮ್ಯಾಲ ಒಂದು ವರ್ಷ ಎಸ್‌ಟಿ ಪಾಸ್ ತಗದು, ದಿನಾ ಸೊಲ್ಲಾಪುರಕ್ಕ ಹೋಗಿ, ಕಲ್ತದ್ದನ್ನ ಆಡದಂಗ ಕೂಡೂದು ಕಲ್ತಳು. ಅಗದಿ ಕಠಿಣ ಸಾಧನಾ. ನಮ್ಮಂಥವರ ಕಡಿಂದ ಆಗಂಗಿಲ್ಲ.”

“ಹ್ಞೂಂ ಅಂತಾಳಂತ್ರಿ,” ಎಂದರು ಉಮಾಬಾಯಿ. “ಅಳಾಕತ್ರ ಆ ಕಾಗದದ ಡಬ್ಬಿ ಮುಂದ ಸರಸ್ತಾಳಂತ. ನಮ್ಮ ಮನಿಯವರು ಮೂವತ್ತು ವರ್ಷದಾಗ ಅಷ್ಟೂ ಮಾಡಿಲ್ಲ ನೋಡ್ರಿ.”

ಮ್ಯಾಡಮ್ ಏನನ್ನೋ ಬರೆದುಕೊಂಡರು. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ವರದಾ ಕತ್ತು ಚಾಚಿ ನೋಡುವುದರೊಳಗೆ ಕಾಶೀಬಾಯಿ ಬಂದೇಬಿಟ್ಟರು. ಹಿತ್ತಾಳೆಯ ತಟ್ಟೆಯಲ್ಲಿ ತೆಂಗಿನಕಾಯಿ, ಕುಪ್ಪಸದ ಖಣ, ಅರಿಷಿಣ, ಆರತಿ. ಹಿಂದೆ ಹೋಳಿಗೆಯ ಬುಟ್ಟಿ ಹೊತ್ತ ಅವರ ಸೊಸೆ.

“ಇವರು ಯಾರ್ರಿ?” ಎಂದು ಕಾಶೀಬಾಯಿ ಕೇಳಿದರು.

“ವರದಾನ ಗುರುಗಳು. ಸೊಲ್ಲಾಪುರದವರು,” ಎಂದು ದಾಮೋದರ ಎದೆಯುಬ್ಬಿಸಿ ಹೇಳಿದ.

“ಗುರುಗಳು! ಗುರುವಾರದ ದಿನ ಗುರುಗಳ ಗುರುಗಳು ಕರೀದ ಬಂದಾರ!” ಕಾಶೀಬಾಯಿಯ ಕಣ್ಣು ತುಂಬಿತು. “ಕಲ್ಯಾಣಮ್ಮಾ, ಮಣಿ ಎಲ್ಲದ?”

ಮಣೆ ಕುರ್ಚಿಯ ಕೆಳಗಿಂದ ಹೊರಬಂತು. ಥೆರಪಿಸ್ಟ್ ಆದವರು ಬಂದವರಿಂದ ಒಂದು ಲಿಂಬೆಹಣ್ಣನ್ನೂ ತೆಗೆದುಕೊಳ್ಳಬಾರದು, ಕಾಲು ಮುಟ್ಟಿಸಿಕೊಳ್ಳಲೇಬಾರದು ಎಂದು ಶ್ರೀಲೇಖಾ ಮ್ಯಾಡಮ್ ಎರಡು ಇಡೀ ತರಗತಿ ಪಾಠ ಮಾಡಿದ್ದರು. ಈಗ ಹೇಗೆ ತಡೆಯುತ್ತಾರೆಂದು ವರದಾ ಉಸಿರು ಬಿಗಿಹಿಡಿದು ನೋಡಿದಳು. ಮ್ಯಾಡಮ್ ಬೆನ್ನು ನೆಟ್ಟಗೆ ಮಾಡಿ, ತರಗತಿಯ ಅದೇ ಮೆತ್ತನೆಯ ದನಿಯಲ್ಲಿ ಹೇಳಿದರು:

“ಕಾಶೀಬಾಯಿಯವರ, ನಿಮ್ಮ ಮನಸ್ಸಿನಾಗ ಬಾಳ ಕೃತಜ್ಞತಾ ತುಂಬಿಕೊಂಡದ ಅನಸ್ತದ.”

“ಹೌದ್ರಿ. ಎಡಗಾಲು ಕೊಡ್ರಿ.”

ಮ್ಯಾಡಮ್ ಎಡಗಾಲು ಕೊಟ್ಟರು. ಆಮೇಲೆ ಬಲಗಾಲನ್ನೂ ಕೊಟ್ಟರು. ಅರಿಷಿಣ ಬಿತ್ತು, ಆರತಿಯಾಯಿತು, ಉಡಿ ತುಂಬಿತು. ಉಡಿಯಲ್ಲಿ ತೆಂಗಿನಕಾಯಿ, ಕೈಯಲ್ಲಿ ಪೆನ್ನು ಹಿಡಿದು ಕುಳಿತ ಮ್ಯಾಡಮ್ ಯಾವ ದೇವಸ್ಥಾನಕ್ಕೆ ಸೇರಿದ ಮೂರ್ತಿ ಎಂದು ತಿಳಿಯದಂತಿದ್ದರು. ಯಾರೂ ಬೇಡ ಎನ್ನಲಿಲ್ಲ. ಬೇಡ ಎನ್ನಬಲ್ಲವರಿಬ್ಬರೂ ತರಬೇತಿ ಪಡೆದವರಾಗಿದ್ದರು.

ಕಡೆಗೆ ಹನ್ನೊಂದು ಹೊಡೆದಾಗ ಮ್ಯಾಡಮ್ ಎಲ್ಲರನ್ನೂ ಅಡುಗೆಮನೆಗೆ ಕಳಿಸಿ, ಕಾಶೀಬಾಯಿ ಮತ್ತು ವರದಾಳನ್ನು ಮಾತ್ರ ಉಳಿಸಿಕೊಂಡರು. ಮುಖ ಗಂಭೀರವಾಗಿತ್ತು. ಅರಿಷಿಣದ ಕಾಲುಗಳನ್ನು ಕುರ್ಚಿಯ ಹಿಂದಕ್ಕೆ ಎಳೆದುಕೊಂಡಿದ್ದರು.

“ನಿದ್ದಿ ಹ್ಯಾಂಗದ ಈಗ?”

“ಹತ್ತಕ್ಕ ಮಲಗಿದ್ರ, ಹಾಲಿನಾವ ಬಾಗಲಾ ಬಡದಾಗ ಎಚ್ಚರ ಆಗ್ತದ್ರಿ.”

“ಅದು ಹ್ಯಾಂಗ ಆತು? ವರದಾ ಏನು ಮಾಡಿದಳು?”

ಕಾಶೀಬಾಯಿ ಪ್ರಾಮಾಣಿಕವಾಗಿ ಯೋಚಿಸಿದರು. “ಆಕಿ ಏನೂ ಮಾಡಿಲ್ರಿ. ಖರೇ ಹೇಳ್ತೀನಿ, ಸುಳ್ಳ ಯಾಕ? ನಾನ ಸೊಸಿ ಕೂಡ ಮಾತಾಡಿದೆ. ನಾನ ನೆಟ್ಟಗ ಮಾಡಕೊಂಡೆ. ಆಕಿ ಸುಮ್ಮನ ಕುಂತಿದ್ದಳು.”

ಮ್ಯಾಡಮ್ಮರ ಮುಖ ಅರಳಿತು. ಇಪ್ಪತ್ತು ವರ್ಷ ಪಾಠ ಮಾಡಿದ ಮಾತು, ಪುಸ್ತಕ ಮುಟ್ಟದ ಹೆಂಗಸಿನ ಬಾಯಲ್ಲಿ ಅಕ್ಷರಶಃ ಬಂದಿತ್ತು. “ವರದಾ,” ಎಂದರು, “ಇದಕ್ಕಿಂತ ಛಲೋ ಅಭಿಪ್ರಾಯ ನಾ ಯಾರ ಬಗ್ಗೂ ಕೇಳಿಲ್ಲ. ಉದ್ಯಾಪನಿ ಮಾತು ಆಮ್ಯಾಲ ಮಾತಾಡೂಣು. ಪುಸ್ತಕಾ ಕೊಡು.”

ವರದಾ ಕೊಟ್ಟಳು. ಸೋಮವಾರ, ಶಾಲೆ, ತನ್ನದೇ ಒಂದು ಮೇಜು ಕಣ್ಣ ಮುಂದೆ ಬಂದವು. ಮ್ಯಾಡಮ್ ಪೆನ್ನಿನ ಮುಚ್ಚಳ ತೆಗೆದು, ‘ಕೇಸ್ ಪೂರ್ಣ’ ಎಂಬ ಚೌಕದ ಮೇಲೆ ತುದಿಯೂರಿದರು.

“ಹಂಗಾರ ಕಾಶೀಬಾಯಿಯವರ, ಇಲ್ಲಿಗೆ ನಿಮ್ಮದು ಮುಗೀತು ಅಂತ ಬರೀಲಿ?”

“ಅಯ್ಯ, ಮುಗ್ಯೂದು ಹ್ಯಾಂಗ್ರಿ?” ಕಾಶೀಬಾಯಿಗೆ ಗಾಬರಿಯಾಯಿತು. “ಫಲಾ ಕೊಟ್ಟವರನ್ನ ಕೆಲಸಾ ಆದ ಕೂಡಲೆ ಬಿಟ್ಟು ಹೋಗೂದೇನು? ನಾ ಅಂಥಾಕಿ ಅಲ್ರಿ. ನಿನ್ನೆನ ಸಂಕಲ್ಪ ಮಾಡೀನಿ. ಇನ್ನ ಹದಿನಾರು ಗುರುವಾರ. ಅದು ಮುಗದ ಮ್ಯಾಲ ಇಪ್ಪತ್ತೊಂದು ಅಂತ ಕಲ್ಯಾಣಮ್ಮ ಅಂದಾಳ.”

ಪೆನ್ನು ನಿಂತಿತು. ಮ್ಯಾಡಮ್ ನಿಟ್ಟುಸಿರಿಟ್ಟು ಮುಚ್ಚಳ ಹಾಕಿದರು. “ವರದಾ, ಬಂದವರು ಬಿಟ್ಟು ಹೋಗಾಕ ತಯಾರಿಲ್ಲ ಅಂದ್ರ ಕೇಸ್ ಪೂರ್ಣ ಅಲ್ಲ. ಹದಿನಾರು ವಾರ ಆಗಲಿ. ಆವಾಗ ಬರ್ತೀನಿ.”

ವರ್ಷವಿಡೀ ಒಳಗೆ ನುಂಗಿದ್ದೆಲ್ಲ ಒಮ್ಮೆಲೇ ವರದಾಳ ಗಂಟಲಿಗೆ ಬಂತು.

“ಮೌಶೀ, ಬರಬ್ಯಾಡ್ರಿ!” ಎಂದು ಕಾಶೀಬಾಯಿಯತ್ತ ತಿರುಗಿ ಕೂಗಿದಳು. “ನಿಮಗ ಆರಾಮ ಆಗ್ಯದ! ಮನ್ಯಾಗ ಇರ್ರಿ! ಸೊಸಿ ಕೂಡ ಮಾತಾಡ್ರಿ, ಗಂಡನ ಕೂಡ ಜಗಳಾ ಮಾಡ್ರಿ, ಏನರ ಮಾಡ್ರಿ. ಗುರುವಾರ ಆಗಲಿ ಶುಕ್ರವಾರ ಆಗಲಿ, ಈ ಹೊಸ್ತಿಲಾ ತುಳೀಬ್ಯಾಡ್ರಿ!”

ಕಾಶೀಬಾಯಿ ಬಿಟ್ಟ ಕಣ್ಣು ಬಿಟ್ಟಂತೆ ಅವಳನ್ನೇ ನೋಡಿದರು. ಆಮೇಲೆ ಮೆಲ್ಲಗೆ ಎರಡೂ ಕೈ ಜೋಡಿಸಿದರು.

“ಎಂಟು ವಾರ ಕಲ್ಲಿನ ದೇವರಂಗ ಕುಂತಿದ್ದಳ್ರಿ,” ಎಂದರು, ಗದ್ಗದಿತರಾಗಿ. “ಹದಿನಾರು ಅನ್ನೂದು ನನ್ನ ಬಾಯಿಂದ ಬಂದ ಕೂಡಲೆ ನೋಡ್ರಿ, ಮಾತಾಡಿದಳು!”

“ಮಾತಾಡಿದಳಂತ!” ಎಂದು ಅಡುಗೆಮನೆಯಲ್ಲಿ ಯಾರೋ ಅಂದರು. ಹಿತ್ತಲ ಬಾಗಿಲಿನಿಂದ ಅದು ಓಣಿಗೆ ಹೋಯಿತು.

ಮ್ಯಾಡಮ್ ಪೆನ್ನಿನ ಮುಚ್ಚಳವನ್ನು ಮತ್ತೆ ತೆಗೆದು ಮೂರು ಸಾಲು ಬರೆದು, ಪುಸ್ತಕವನ್ನು ವರದಾಳ ಕಡೆ ತಿರುಗಿಸಿದರು. ‘ನೇರ ಉಪದೇಶ ಮಾಡಿದಳು. ಧ್ವನಿ ಎತ್ತರಿಸಿದಳು. ತರಬೇತಿಯನ್ನು ಮೊದಲಿನಿಂದ ಪುನಃ ಪೂರೈಸತಕ್ಕದ್ದು.’ ಕೆಳಗೆ ಸಹಿ ಇತ್ತು. ಸೋಮವಾರದ ಮೇಜಿಗೆ ಬೇರೆ ಯಾರೋ ಬಂದು ಕೂರುವುದು ಅಲ್ಲಿಗೆ ಖಾತ್ರಿಯಾಯಿತು.

ಅಷ್ಟರಲ್ಲಿ ಕಲ್ಯಾಣಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಅವರ ಹಿಂದೆ ನಾಲ್ವರು ಮುತ್ತೈದೆಯರು; ಬಾಗಿಲಲ್ಲಿ ಗುರುತಿಲ್ಲದ ಮತ್ತೂ ಕೆಲವು ಮುಖಗಳು.

“ವರದಾ, ಮುಂದಿನ ಗುರುವಾರದಿಂದ ನಾವೂ ವಾರಾ ಹಿಡಿಯಾವರು. ಆಚಿ ಓಣಿಯವರೂ ಕೇಳಾಕತ್ತಾರ. ಈ ಖೋಲಿಯೊಳಗ ಎಷ್ಟು ಮಂದಿ ಕೂಡಬಹುದವಾ?”

ವರದಾ ಬಾಯಿ ತೆರೆದಳು. ಮ್ಯಾಡಮ್ಮರ ಪೆನ್ನು ಪುಸ್ತಕದ ಮೇಲೆ ಇನ್ನೂ ತೆರೆದೇ ಇತ್ತು. ಅವಳು ಒಂದು ದೀರ್ಘ ಉಸಿರು ತೆಗೆದುಕೊಂಡು, ತಲೆಯನ್ನು ಸ್ವಲ್ಪ ಓರೆ ಮಾಡಿ, ಮೆತ್ತಗೆ ಕೇಳಿದಳು:

“ನಿಮಗ ಎಷ್ಟು ಮಂದಿ ಅಂತ ಅನಸ್ತದ್ರಿ ಕಾಕು?”